ಮಳೆಯಲ್ಲಿ ನೆನೆದ ಶನಿವಾರ
ಇಂಗ್ಲೆಂಡಿನ ಡ್ರಾನ್‌ಫೀಲ್ಡ್ ಎಂಬ ಪುಟ್ಟ ಊರಿನಲ್ಲಿ, ಪಬ್ಬೊಂದರ ಮಗ್ಗುಲ ಮೈದಾನದಲ್ಲಿ, ಶೆಫೀಲ್ಡ್ ಎಫ್‌ಸಿಯ ಕಪ್ ಪಂದ್ಯ ನೋಡಿ ಬಂದೆ. 1857ರಲ್ಲಿ ಹುಟ್ಟಿದ ಇದು ಜಗತ್ತಿನಲ್ಲೇ ಅತಿ ಹಳೆಯ ಫುಟ್‌ಬಾಲ್ ಕ್ಲಬ್. ಆಡುವುದು ಮಾತ್ರ ದೊಡ್ಡ ಲೀಗುಗಳ ಹೊರಗೆ, ಕೆಳಹಂತದಲ್ಲಿ. ಮಳೆ ಬಿಡಲೇ ಇಲ್ಲ. ಚೆಂಡು ನೀರಲ್ಲಿ ತಟ್ಟನೆ ನಿಂತುಬಿಡುತ್ತಿತ್ತು, ಹುಡುಗರು ಕೆಸರಲ್ಲಿ ಬಿದ್ದು ಎದ್ದು ಓಡುತ್ತಿದ್ದರು. ಬೇಲಿಗೆ ಒರಗಿ ನಿಂತರೆ ಗೋಲ್‌ಕೀಪರನ ಕೂಗು, ಆಟಗಾರರ ಏದುಸಿರು ಎಲ್ಲವೂ ಕೇಳುತ್ತದೆ. ಭಾರಿ ಕ್ರೀಡಾಂಗಣಗಳಲ್ಲಿ ಆ ಸುಖ ಎಲ್ಲಿ? 1972ರ ಕಪ್ ಪಂದ್ಯವೊಂದರಲ್ಲಿ, ಇಂಥದೇ ಕೆಸರಲ್ಲಲ್ಲವೇ, ಹೆರೆಫರ್ಡ್ ಆಟಗಾರ, ಬಡಗಿ ಕೆಲಸದ ರಾನಿ ರಾಡ್‌ಫರ್ಡ್ ದೂರದಿಂದ ಗೋಲು ಬಾರಿಸಿ ಸಮ ಮಾಡಿದ್ದು, ಕೆಳಹಂತದ ಆ ಪುಟ್ಟ ಕ್ಲಬ್ ಕೊನೆಗೆ ದೊಡ್ಡ ಲೀಗಿನ ನ್ಯೂಕ್ಯಾಸಲ್ಲನ್ನು 2-1ರಿಂದ ಮಣಿಸಿದ್ದು! ಇಂಗ್ಲೆಂಡಿನಲ್ಲಿರುವ ಕನ್ನಡಿಗರೇ, ಮುಂದಿನ ಶನಿವಾರ ಕೊಡೆ ಹಿಡಿದು ನಿಮ್ಮೂರಿನ ಮೈದಾನಕ್ಕೆ ಹೋಗಿ ಬನ್ನಿ.