ಕಡಲ ಬಂಡೆಯಿಂದ ಇಳಿಯೋ ಮುಂಚೆ ಹತ್ತೋ ಜಾಗ ನೋಡ್ರಿ

ಮಳೆಗಾಲ ಮುಗಿದು ದೀಪಾವಳಿ ಬಂತೆಂದರೆ ನಮ್ಮ ಕಡೆ ಹುಡುಗರ ಗಾಡಿಗಳು ಪಡುವಣಕ್ಕೆ ತಿರುಗುತ್ತವೆ. ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದರೆ ಅಂಕೋಲಾ, ಅಲ್ಲಿಂದ ಗೋಕರ್ಣ. ಮೊದಲೆಲ್ಲ ಮಹಾಬಲೇಶ್ವರನ ದರ್ಶನ, ಉಸುಕಿನಲ್ಲಿ ಒಂದಿಷ್ಟು ಆಟ, ಸಂಜೆಗೆ ವಾಪಸ್. ಈಗ ಬ್ಯಾಗಿನಲ್ಲಿ ಮುಖಕ್ಕೆ ಕಟ್ಟುವ ಗಾಜು, ಉಸಿರಾಡುವ ಕೊಳವೆ, ಕಾಲಿಗೆ ರಬ್ಬರಿನ ರೆಕ್ಕೆ ಇರುತ್ತವೆ. ಎಲ್ಲ ಆನ್‌ಲೈನ್‌ನಲ್ಲಿ ಸಿಗುತ್ತದೆ. ಮೊಬೈಲ್ ತೆಗೆದರೆ ರೀಲ್‌ಗಳು: ‘ಯಾರಿಗೂ ಗೊತ್ತಿಲ್ಲದ ಜಾಗ’, ‘ಹೊಸ ಡೈವಿಂಗ್ ಪಾಯಿಂಟ್’. ಕಲ್ಲಿನ ದಂಡೆಯ ಯಾವುದೋ ಮೂಲೆಯಿಂದ ಒಬ್ಬ ನೀರಿಗೆ ಇಳಿಯುತ್ತಾನೆ, ವಿಡಿಯೊ ಮುಗಿಯುತ್ತದೆ. ಅವನು ಹೇಗೆ ಮೇಲೆ ಬಂದ ಎಂಬುದನ್ನು ಯಾವ ರೀಲೂ ತೋರಿಸುವುದಿಲ್ಲ.

ನಮ್ಮ ತಕರಾರು ಇರುವುದು ಇಲ್ಲೇ. ಕಡಲ ತಳ ನೋಡಬೇಕೆಂಬ ಆಸೆಗೆ ನಾವು ಬೈಯುವವರಲ್ಲ. ನೇತ್ರಾಣಿಯ ನೀರೊಳಗೆ ಪುನೀತ್ ರಾಜ್‌ಕುಮಾರ್ ಮುಳುಗಿದ್ದನ್ನು ‘ಗಂಧದಗುಡಿ’ಯಲ್ಲಿ ನೋಡಿದ ಮೇಲೆ ನಮಗೂ ಆಸೆ ಹುಟ್ಟಿದ್ದುಂಟು. ಆದರೆ ನೇತ್ರಾಣಿಯ ಲೆಕ್ಕ ಬೇರೆ. ಅದು ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನಡುಗಡ್ಡೆ. ದೋಣಿಯಲ್ಲಿ ಕರೆದೊಯ್ಯುತ್ತಾರೆ, ಕಲಿಸುವವನು ಪಕ್ಕದಲ್ಲೇ ಇರುತ್ತಾನೆ, ಸುಸ್ತಾದರೆ ಮೇಲೆ ದೋಣಿ ಕಾಯುತ್ತಿರುತ್ತದೆ. ದಂಡೆಯಿಂದ ನೇರವಾಗಿ ಇಳಿಯುವ ಡೈವಿಂಗ್‌ನಲ್ಲಿ ದೋಣಿ ಇಲ್ಲ. ಇಳಿಯುವುದೂ ನಿಮ್ಮ ಕಾಲ ಮೇಲೆ, ಹತ್ತುವುದೂ ನಿಮ್ಮ ಕಾಲ ಮೇಲೆ.

ನಮ್ಮೂರ ಹುಡುಗರಿಗೆ ಒಂದು ಧೈರ್ಯ ಇರುತ್ತದೆ: ನಾವು ಬಾವಿಯಾಗ ಈಸು ಕಲಿತವರು. ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿಕೊಂಡು ಕಲಿತ ಈಸು ಸಣ್ಣದಲ್ಲ, ಒಪ್ಪುತ್ತೇವೆ. ಆದರೆ ಬಾವಿ ಕಲಿಸಿದ ಇನ್ನೊಂದು ಪಾಠವೂ ಇದೆಯಲ್ಲ. ಹೊಸ ಬಾವಿಗೆ ಹಾರುವ ಮುಂಚೆ ಹಿರಿಯರು ಮೊದಲು ಕೇಳುತ್ತಿದ್ದದ್ದು, ‘ಪಾವಟಿಗಿ ಎಲ್ಲೈತಿ?’ ಅಂತ. ಹಾರೋದು ಎಲ್ಲಿಂದಲಾದರೂ ಆದೀತು, ಹತ್ತೋದು ಪಾವಟಿಗೆಯಿಂದಲೇ. ಕಡಲ ಬಂಡೆಗೆ ಪಾವಟಿಗೆ ಕಟ್ಟಿರುವುದಿಲ್ಲ. ಇಳಿಯುವಾಗ ಇದ್ದ ಮೆಟ್ಟಿಲಿನಂಥ ಕಲ್ಲು ಹತ್ತುವಾಗ ಇರುತ್ತದೆ ಎಂಬ ಖಾತ್ರಿಯೂ ಇಲ್ಲ.

ಯಾಕೆಂದರೆ ಕಡಲಿನ ನೀರು ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ನಮ್ಮ ಪಡುಗಡಲಿನಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಇಳಿತದಿಂದ ಉಬ್ಬರಕ್ಕೆ ಸುಮಾರು ಆರು ತಾಸು. ಮರುದಿನ ಅದೇ ಉಬ್ಬರ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ನಿನ್ನೆ ಹತ್ತು ಗಂಟೆಗೆ ಕಂಡ ಕಲ್ಲು ಇವತ್ತು ಹತ್ತು ಗಂಟೆಗೆ ಅಷ್ಟೇ ಕಾಣುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಏರಿಳಿತ ಇನ್ನೂ ಜಾಸ್ತಿ. ಇದಕ್ಕೆ ದೊಡ್ಡ ಯಂತ್ರ ಬೇಕಿಲ್ಲ, ನಿಮ್ಮ ಮನೆ ಗೋಡೆಯ ಕ್ಯಾಲೆಂಡರ್ ಸಾಕು. ಬೆಳಗ್ಗೆ ಒಣ ಬಂಡೆಯ ಮೇಲೆ ಚಪ್ಪಲಿ ಬಿಟ್ಟು ಇಳಿದವನು ಮಧ್ಯಾಹ್ನ ವಾಪಸ್ ಬಂದರೆ ಚಪ್ಪಲಿಯೂ ಇಲ್ಲ, ಬಂಡೆಯೂ ಇಲ್ಲ!

ಅಲೆಯೂ ಹಾಗೆಯೇ. ಐದು ನಿಮಿಷ ನೋಡಿ ‘ನೀರು ತಣ್ಣಗಿದೆ’ ಎನ್ನುವವರೇ ಹೆಚ್ಚು. ದೊಡ್ಡ ಅಲೆಗಳು ಗುಂಪು ಗುಂಪಾಗಿ ಬರುತ್ತವೆ, ನಡುವೆ ಎಷ್ಟೋ ಹೊತ್ತು ಕಡಲು ಸುಮ್ಮನಿದ್ದಂತೆ ಕಾಣುತ್ತದೆ. ಕನಿಷ್ಠ ಇಪ್ಪತ್ತು ನಿಮಿಷ ಕೂತು ನೋಡದೆ ಬಂಡೆಯ ಅಂಚಿಗೆ ಹೋಗಬಾರದು. ಉಸುಕಿನ ದಂಡೆಯಲ್ಲಿ ಅಲೆ ಹೊಡೆದರೆ ಉರುಳಿ ಬೀಳುತ್ತೀರಿ. ಕಲ್ಲಿನ ದಂಡೆಯಲ್ಲಿ ಎತ್ತಿ ಕಲ್ಲಿಗೇ ಅಪ್ಪಳಿಸುತ್ತದೆ. ಆ ಕಲ್ಲಿನ ಮೈಗೆ ಬ್ಲೇಡಿನಂಥ ಚಿಪ್ಪುಗಳು ಅಂಟಿರುತ್ತವೆ, ಮೇಲೆ ಪಾಚಿ ಬೇರೆ. ಮಧ್ಯಾಹ್ನದ ಮೇಲೆ ಕಡಲಗಾಳಿ ಎದ್ದು ನೀರು ಇನ್ನಷ್ಟು ಕದಡುತ್ತದೆ. ಇಳಿಯುವುದೇ ಆದರೆ ಬೆಳಗ್ಗೆಯೇ ಸರಿ. ಆದರೆ ಘಟ್ಟ ಇಳಿದು, ನಾಷ್ಟಾ ಮಾಡಿ, ಜಾಗ ಹುಡುಕುವ ಹೊತ್ತಿಗೆ ನಮ್ಮ ಹುಡುಗರಿಗೆ ಮಧ್ಯಾಹ್ನ ಆಗಿರುತ್ತದೆ.

2024ರ ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಶಾಲೆಯ ಪ್ರವಾಸಕ್ಕೆ ಬಂದಿದ್ದ ಮಕ್ಕಳು. ಅದು ಉಸುಕಿನ ದಂಡೆ, ಇಡೀ ರಾಜ್ಯಕ್ಕೆ ಗೊತ್ತಿರುವ, ಜನ ತುಂಬಿರುವ ಜಾಗ. ಅಲ್ಲೇ ಹೀಗಾದರೆ ‘ಯಾರಿಗೂ ಗೊತ್ತಿಲ್ಲದ ಜಾಗ’ದಲ್ಲಿ ಕೂಗಿದರೆ ಕೇಳುವವರು ಯಾರು? ಹೆಸರಾದ ದಂಡೆಗಳಲ್ಲಿ ಜೀವರಕ್ಷಕರು ಸಿಕ್ಕಾರು. ಹೊಸ ಜಾಗದ ಬಂಡೆಗಳ ನಡುವೆ ಮೊಬೈಲ್ ಸಿಗ್ನಲ್ ಸಿಕ್ಕರೆ ನಿಮ್ಮ ಪುಣ್ಯ.

ನೀರಿನ ಬಣ್ಣದ ಮಾತು ಬಂದರೆ ನಮ್ಮ ಜಿಲ್ಲೆಗೂ ಅದರಲ್ಲಿ ಪಾಲಿದೆ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಬೇಡ್ತಿಯನ್ನು ಸೇರುತ್ತದೆ. ಬೇಡ್ತಿ ಮಾಗೋಡಿನಲ್ಲಿ ಧುಮುಕಿ, ಮುಂದೆ ಗಂಗಾವಳಿಯಾಗಿ ಗೋಕರ್ಣದ ಬಡಗಣ ದಿಕ್ಕಿಗೆ ಕಡಲು ಸೇರುತ್ತದೆ. ತೆಂಕಣಕ್ಕೆ ತದಡಿಯ ಹತ್ತಿರ ಅಘನಾಶಿನಿ. ಎರಡು ಹೊಳೆಗಳ ನಡುವಿನ ದಂಡೆ ಅದು. ಮಳೆಗಾಲದಲ್ಲಿ ಕಲಘಟಗಿ ಹೊಲಗಳಿಂದ ಕೊಚ್ಚಿಹೋದ ಮಣ್ಣೂ ಅದೇ ದಾರಿ ಹಿಡಿಯುತ್ತದೆ. ಹಾಗಾಗಿ ಮಳೆ ನಿಂತ ಹೊಸದರಲ್ಲಿ ದಂಡೆಯ ಹತ್ತಿರ ಎರಡು ಮಾರು ದೂರವೂ ಕಾಣದ ದಿನಗಳಿರುತ್ತವೆ. ರೀಲ್‌ನಲ್ಲಿ ಕಂಡ ನೀಲಿ ನೀರು ಅಂಡಮಾನಿನದೋ ಲಕ್ಷದ್ವೀಪದ್ದೋ ಇರಬಹುದು, ಹಾಡು ಮಾತ್ರ ಕನ್ನಡದ್ದು.

ಸಿಲಿಂಡರ್ ಕಟ್ಟಿಕೊಂಡು ಇಳಿಯುವವರಿಗೆ ಒಂದು ಮಾತು. ಹತ್ತು ಮೀಟರ್ ಆಳದಲ್ಲಿ ಎದೆ ತುಂಬ ಎಳೆದುಕೊಂಡ ಗಾಳಿ ನೀರಿನ ಮೇಲ್ಮೈಗೆ ಬರುವಷ್ಟರಲ್ಲಿ ಎರಡರಷ್ಟಾಗಲು ನೋಡುತ್ತದೆ. ಗಾಬರಿಯಲ್ಲಿ ಉಸಿರು ಬಿಗಿಹಿಡಿದು ಮೇಲೆ ಬಂದರೆ ಶ್ವಾಸಕೋಶ ಹರಿಯಬಹುದು. ಬಾವಿಯಲ್ಲಿ ಉಸಿರು ಹಿಡಿಯುವವನೇ ಗಟ್ಟಿಗ. ಇಲ್ಲಿ ಆ ಅಭ್ಯಾಸವೇ ಜೀವಕ್ಕೆ ಸಂಚಕಾರ. ಇದನ್ನು ಕಲಿಸಲಿಕ್ಕೇ ತರಬೇತಿ ಇರುವುದು. ‘ಪಾಡಿ’ ಸಂಸ್ಥೆಯ ಮೊದಲ ಹಂತದ ಕೋರ್ಸಿಗೆ 200 ಮೀಟರ್ ನಿಲ್ಲದೆ ಈಜಬೇಕು, ಹತ್ತು ನಿಮಿಷ ತೇಲಬೇಕು. ಮೂವತ್ತು ಅಡಿ ಅಗಲದ ಬಾವಿಯಲ್ಲಿ ಆಚೆಯಿಂದ ಈಚೆಗೆ ಇಪ್ಪತ್ತೆರಡು ಸಲ. ಮೊದಲು ಇದನ್ನು ಊರಲ್ಲೇ ಮಾಡಿ ನೋಡಬಹುದು. ಅಷ್ಟಾದರೂ ಕೋರ್ಸ್ ಮುಗಿಸಿದವರಿಗೆ 18 ಮೀಟರಿನ ಮಿತಿ ಇದೆ, ಅದೂ ಜತೆಗೊಬ್ಬ ಇದ್ದರೆ.

ಇನ್ನು ‘ಹೊಸ ಜಾಗ’ ಎಂಬ ಮಾತು. ಯಾರಿಗೆ ಹೊಸದು? ಹರಿಕಂತ್ರ, ಅಂಬಿಗ, ಖಾರ್ವಿ ಮನೆಗಳವರು ತಲೆಮಾರುಗಳಿಂದ ಆ ಬಂಡೆಗಳ ಸಂದಿಯಲ್ಲೇ ಗಾಳ ಹಾಕಿದ್ದಾರೆ, ಬಲೆ ಬೀಸಿದ್ದಾರೆ. ಇಳಿತದ ಹೊತ್ತಿಗೆ ಕಲ್ಲಿಗೆ ಅಂಟಿದ ಚಿಪ್ಪು ಬಿಡಿಸುವವರಿದ್ದಾರೆ. ನಮ್ಮ ಹೊಲಗಳಿಗೆ ಹೆಸರಿದ್ದಂತೆ ಅವರ ಕಲ್ಲುಗಳಿಗೂ ಹೆಸರಿರುತ್ತದೆ. ಯಾವ ಕಲ್ಲಿನ ಹಿಂದೆ ಸೆಳೆತ, ಯಾವ ತಿಂಗಳಲ್ಲಿ ಎಲ್ಲಿ ನೀರು ತಿಳಿ ಎನ್ನುವುದು ಅವರಿಗೆ ಬಾಯಿಪಾಠ. ನಾವು ಹೋಗಿ ಅಲ್ಲೊಂದು ಇಂಗ್ಲಿಷ್ ಹೆಸರು ಇಟ್ಟು, ಮ್ಯಾಪಿನಲ್ಲಿ ಗುರುತು ಹಾಕಿ, ‘ನಾವು ಕಂಡುಹಿಡಿದ ಜಾಗ’ ಎನ್ನುತ್ತೇವೆ. ನಿಮ್ಮ ಬೆಳೆದು ನಿಂತ ಜೋಳದ ಹೊಲಕ್ಕೆ ಬೆಂಗಳೂರಿನವರು ಕೇಳದೆ ನುಗ್ಗಿ, ಸೀತನಿ ಸುಟ್ಟು ತಿಂದು, ‘ಹೊಸ ಪಿಕ್ನಿಕ್ ಸ್ಪಾಟ್’ ಎಂದು ಹಾಕಿದರೆ ಹೇಗಿರುತ್ತದೆ?

ಆ ಬಂಡೆ ಸಂದಿಗಳಲ್ಲಿ ಮರಿಮೀನು ಬೆಳೆಯುತ್ತವೆ. ಹವಳ, ಕಡಲ ಕುದುರೆ ಇವೆಲ್ಲ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ. ರಾಣೇಬೆನ್ನೂರಿನ ಕೃಷ್ಣಮೃಗ ಮುಟ್ಟಲು ಹೆದರುವ ನಾವು ನೀರೊಳಗಿನ ಹವಳದ ತುಂಡು ಮುರಿದು ಷೋಕೇಸಿಗೆ ತರಲು ಹಿಂದೆಮುಂದೆ ನೋಡುವುದಿಲ್ಲ. ಎರಡಕ್ಕೂ ಕಾನೂನು ಅದೇ.

ಈ ವಿಷಯದಲ್ಲಿ ನಮ್ಮ ಗುಂಪಿನಲ್ಲೇ ಎರಡು ಅಭಿಪ್ರಾಯಗಳಿದ್ದವು. ಮೀನುಗಾರರನ್ನು ಕೇಳಿದರೆ ಬೇಡ ಅಂತಾರೆ, ಹಾಗಾದರೆ ಪ್ರವಾಸೋದ್ಯಮ ಬೆಳೆಯುವುದು ಹೇಗೆ ಎಂದು ಕೆಲವರ ವಾದ. ಬೇಡ ಅಂದರೆ ಬೇಡ, ಅಷ್ಟೇ. ಆದರೆ ಎಲ್ಲರೂ ಬೇಡ ಅನ್ನುತ್ತಾರೆ ಎಂದು ನಮಗೇನೂ ಅನಿಸುವುದಿಲ್ಲ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಉಳಿದ ತಿಂಗಳು ಸಿಕ್ಕರೆ ಮೀನು, ಇಲ್ಲದಿದ್ದರೆ ಇಲ್ಲ. ಇನ್ನೊಂದು ದುಡಿಮೆಯ ದಾರಿ ಅವರ ಮಕ್ಕಳಿಗೂ ಬೇಕು. ಆ ಹುಡುಗ-ಹುಡುಗಿಯರ ಡೈವಿಂಗ್ ತರಬೇತಿಯ ಖರ್ಚನ್ನು ಪ್ರವಾಸೋದ್ಯಮ ಇಲಾಖೆ ಭರಿಸಲಿ. ಯಾವ ಬಂಡೆ ತೆರೆಯಬೇಕು, ಯಾವುದು ಮುಚ್ಚಿರಬೇಕು, ವರ್ಷದಲ್ಲಿ ಯಾವ ತಿಂಗಳು, ದಿನಕ್ಕೆ ಎಷ್ಟು ಜನ ಎಂಬುದನ್ನು ಅಲ್ಲಿನ ಗ್ರಾಮ ಪಂಚಾಯಿತಿ ಮತ್ತು ಮೀನುಗಾರರ ಸಂಘ ಕೂತು ತೀರ್ಮಾನಿಸಲಿ. ತೆರೆದ ಜಾಗದಲ್ಲಿ ಹಗ್ಗ, ತೇಲುಬಳೆ, ಹತ್ತುವ ದಾರಿ ತೋರಿಸುವ ಕನ್ನಡದ ಬೋರ್ಡು ಇರಲಿ. ಹಣ ಕೊಟ್ಟು ಹೋಗಲು ನಮಗೇನೂ ಬೇಜಾರಿಲ್ಲ.

ಅದೆಲ್ಲ ಆಗುವ ತನಕ ಹೋಗುವವರು ಹೋಗುತ್ತಲೇ ಇರುತ್ತಾರೆ, ಅದೂ ಗೊತ್ತು. ಅಂಥವರು ಹಿಂದಿನ ದಿನವೇ ಹೋಗಿ ಅಲ್ಲಿ ಉಳಿಯಿರಿ. ತದಡಿಯಂಥ ಬಂದರಿಗೆ ಬೆಳಗ್ಗೆ ಹೋಗಿ, ಆದರೆ ದೋಣಿಯಿಂದ ಮೀನು ಇಳಿಸುವಾಗ ಅಡ್ಡ ನಿಂತು ಮಾತಾಡಿಸಬೇಡಿ. ಕೆಲಸ ಮುಗಿದು ಅವರು ಚಹಾ ಕುಡಿಯಲು ಕೂತಾಗ ಕೇಳಿ: ‘ಅಣ್ಣಾ, ಇವತ್ತು ಈ ಬಂಡಿ ಕಡೆ ನೀರು ಹ್ಯಾಂಗೈತಿ? ಇಳಿದ್ರ ಎಲ್ಲಿ ಹತ್ತಬೇಕು?’ ಅವರು ತಲೆ ಅಲ್ಲಾಡಿಸಿದರೆ ಚಹಾದ ರೊಕ್ಕ ನೀವೇ ಕೊಟ್ಟು, ಉಸುಕಿನ ದಂಡೆಯಲ್ಲಿ ಮೊಣಕಾಲು ನೀರಿನಲ್ಲಿ ಆಡಿ ಬನ್ನಿ.