ಯಾರು ಕಂಡು ಹೇಳಿದ್ದು?

ನೆಲಮಂಗಲ ತಾಲ್ಲೂಕಿನ ಶಿವಗಂಗೆ ಬೆಟ್ಟ ಹತ್ತಿಳಿದ ಶಾಲಾ ಮಕ್ಕಳಿಗೆ ಎರಡು ಸಂಗತಿ ತಪ್ಪದೆ ನೆನಪಿರುತ್ತವೆ. ಕೆಳಗೆ ಗಂಗಾಧರೇಶ್ವರನ ಗುಡಿಯಲ್ಲಿ ಲಿಂಗಕ್ಕೆ ಸವರಿದ ತುಪ್ಪ ಬೆಣ್ಣೆಯಾಗುತ್ತದೆ ಎನ್ನುವುದು ಒಂದು. ಮೇಲೆ, ಶಾಂತಲೆ ಹಾರಿ ಪ್ರಾಣ ಬಿಟ್ಟಳು ಎಂದು ತೋರಿಸುವ ಪ್ರಪಾತ ಇನ್ನೊಂದು. ತುಪ್ಪದ ವಿಷಯ ಬಂದರೆ ‘ಅದು ಹೆಂಗೆ ಸಾರ್?’ ಎಂದು ಕೇಳುವ ಮಗು ಸಿಕ್ಕೀತು. ಪ್ರಪಾತದ ವಿಷಯದಲ್ಲಿ ಆ ಪ್ರಶ್ನೆ ಬರುವುದಿಲ್ಲ. ಅದು ಪುಸ್ತಕದಲ್ಲೇ ಇದೆಯಲ್ಲ!

ಪುಸ್ತಕದ ಕಥೆ ಸುಮಾರಾಗಿ ಹೀಗಿರುತ್ತದೆ: ಶಾಂತಲೆ ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ, ನಾಟ್ಯವಿಶಾರದೆ. ಗಂಡುಮಗುವಾಗಲಿಲ್ಲ. ತಾನಿರುವ ತನಕ ರಾಜ ಇನ್ನೊಂದು ಮದುವೆಗೆ ಒಪ್ಪುವುದಿಲ್ಲ, ವಂಶ ಬೆಳೆಯುವುದಿಲ್ಲ ಎಂದು ಅರಿತು ಶಿವಗಂಗೆಯ ತುದಿಯಿಂದ ಹಾರಿಕೊಂಡಳು. ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಕಾದಂಬರಿ ಅವಳನ್ನು ಮನೆಮನೆಗೆ ತಂದಿತು. ಕಾದಂಬರಿಕಾರನಿಗೆ ಕಲ್ಪನೆಯ ಹಕ್ಕಿದೆ, ಅವರನ್ನು ದೂರುವಂತಿಲ್ಲ. ತಕರಾರಿರುವುದು ದಂತಕಥೆಯನ್ನು ಬಾಚಿಕೊಂಡು ಮಕ್ಕಳ ಕೈಗೆ ‘ಜೀವನಚರಿತ್ರೆ’ ಎಂಬ ಹೆಸರಿನಲ್ಲಿ ಕೊಡುವ ಪುಸ್ತಕಗಳ ಬಗ್ಗೆ.

ಶಾಸನದಲ್ಲಿ ಇರುವುದು ಬೇರೆ. ಶ್ರವಣಬೆಳಗೊಳದ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದವಳು ಶಾಂತಲೆಯೇ, 1123ರ ಸುಮಾರಿನಲ್ಲಿ. ಅಲ್ಲಿನ ಶಾಸನವೊಂದು ಅವಳು ಶಿವಗಂಗೆಯಲ್ಲಿ ಸ್ವರ್ಗಸ್ಥಳಾದಳು ಎನ್ನುತ್ತದೆ. ವಿದ್ವಾಂಸರು ಅದನ್ನು 1131 ಎಂದು ಲೆಕ್ಕ ಹಾಕಿದ್ದಾರೆ. ಹೇಗೆ ಸತ್ತಳೆಂದು ಇಲ್ಲ. ಅವಳ ತಾಯಿ ಮಾಚಿಕಬ್ಬೆಯ ಮಾತು ಬಂದಾಗ ಮಾತ್ರ ಅದೇ ಶಾಸನ ಬಾಯಿಬಿಡುತ್ತದೆ: ಮಗಳ ಸಾವಿನ ನಂತರ ಆಕೆ ಬೆಳಗೊಳಕ್ಕೆ ಬಂದು ತಿಂಗಳು ಉಪವಾಸವಿದ್ದು ಸಲ್ಲೇಖನದಿಂದ ದೇಹ ಬಿಟ್ಟಳು. ಇನ್ನು ಬಸದಿಯ ಹೆಸರು. ಸವತಿಗಂಧವಾರಣೆ, ಸವತಿಯರ ಪಾಲಿಗೆ ಮದಗಜದಂಥವಳು ಎಂಬುದು ಶಾಂತಲೆಯದೇ ಬಿರುದು. ಸವತಿಯರೇ ಇಲ್ಲದವಳಿಗೆ ಇಂಥ ಬಿರುದು ಯಾತಕ್ಕೆ? ಗಂಡ ಇನ್ನೊಂದು ಮದುವೆಯಾಗಲಿ ಎಂದು ಸತ್ತಳೆಂಬ ಕಥೆ ಅವಳ ಸ್ವಂತ ಬಿರುದಿನ ಮುಂದೆಯೇ ನಿಲ್ಲುವುದಿಲ್ಲ.

ಇಷ್ಟರಿಂದ ಅವಳು ಹಾರಲೇ ಇಲ್ಲ ಎಂದು ಸಾಬೀತಾಗಲಿಲ್ಲ, ನಿಜ. ಶಾಸನ ಹಾರಿದಳೆಂದೂ ಹೇಳುವುದಿಲ್ಲ, ಹಾರಲಿಲ್ಲವೆಂದೂ ಹೇಳುವುದಿಲ್ಲ. ‘ಕಲ್ಲಿನಲ್ಲಿ ಇಷ್ಟಿದೆ, ಊರಿನವರು ಹೀಗೆ ಹೇಳುತ್ತಾರೆ’ ಎಂದು ಎರಡು ಸಾಲಿನಲ್ಲಿ ಬರೆದಿದ್ದರೆ ಸಾಕಿತ್ತು. ಹನ್ನೊಂದು ವರ್ಷದ ಹುಡುಗಿಗೆ ಅದು ಅರ್ಥವಾಗುತ್ತದೆ. ಅರ್ಥವಾಗುವುದಷ್ಟೇ ಅಲ್ಲ, ಬಿರುದಿನ ವಿಷಯ ಹೇಳಿಬಿಟ್ಟರೆ ಪತ್ತೇದಾರಿ ಕಥೆ ಸಿಕ್ಕ ಹಾಗೆ ಹಿಗ್ಗುತ್ತಾಳೆ.

ಮಕ್ಕಳ ಜೀವನಚರಿತ್ರೆಗಳ ಗುಣ ಅಳೆಯುವಾಗ ನಾವು ಸಾಮಾನ್ಯವಾಗಿ ನೋಡುವುದು ಭಾಷೆ ಸರಳವಿದೆಯೇ, ಚಿತ್ರ ಚೆನ್ನಾಗಿದೆಯೇ, ನೀತಿ ಇದೆಯೇ ಎಂಬುದನ್ನು. ಆಯ್ಕೆ ಸಮಿತಿಗಳು ಹೆಚ್ಚೆಂದರೆ ಇಸವಿ ತಪ್ಪಿದೆಯೇ ಎಂದು ನೋಡಿಯಾವು. ಇವೆಲ್ಲ ಇರಲಿ. ನನ್ನ ಮಟ್ಟಿಗೆ ಇವುಗಳಿಗಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನೆಲ್ಲ ಯಾರು ಕಂಡು ಹೇಳಿದ್ದು ಎಂದು ಮಗು ಕೇಳಿದರೆ ಈ ಪುಸ್ತಕದ ಹತ್ತಿರ ಉತ್ತರವಿದೆಯೇ? ಉತ್ತರ ಇಲ್ಲದ ಕಡೆ, ಇಲ್ಲ ಎಂದು ಒಪ್ಪಿಕೊಳ್ಳುವ ಮರ್ಯಾದೆಯಾದರೂ ಇದೆಯೇ?

ಈ ಪ್ರಶ್ನೆ ನಮ್ಮ ಪುಸ್ತಕಗಳಿಗೆ ಒಗ್ಗದಿರಲು ಕಾರಣವಿದೆ. ಕನ್ನಡದಲ್ಲಿ ಮಕ್ಕಳ ಜೀವನಚರಿತ್ರೆ ಬಹುಪಾಲು ಬಳಕೆಯಾಗುವುದು ವೇದಿಕೆಯ ಮೇಲೆ. ಸೆಪ್ಟೆಂಬರ್ 5ಕ್ಕೆ ರಾಧಾಕೃಷ್ಣನ್, 15ಕ್ಕೆ ವಿಶ್ವೇಶ್ವರಯ್ಯ, ಅಕ್ಟೋಬರ್ 2ಕ್ಕೆ ಗಾಂಧಿ ಮತ್ತು ಶಾಸ್ತ್ರಿ, ನವೆಂಬರ್ 14ಕ್ಕೆ ನೆಹರೂ. ಹೊಸಕೋಟೆಯ ಶಾಲೆಯಾಗಲಿ ದೊಡ್ಡಬಳ್ಳಾಪುರದ ಶಾಲೆಯಾಗಲಿ, ಹಿಂದಿನ ದಿನ ಸಂಜೆ ಒಂದು ಮಗು ಪುಸ್ತಕ ಹುಡುಕುತ್ತದೆ, ಮೇಷ್ಟ್ರು ಗುರುತು ಹಾಕಿಕೊಟ್ಟ ಸಾಲು ಬಾಯಿಪಾಠ ಮಾಡುತ್ತದೆ, ಬೆಳಿಗ್ಗೆ ಮೂರು ನಿಮಿಷ ಒಂದೇ ಉಸಿರಿಗೆ ಹೇಳಿ ಚಪ್ಪಾಳೆ ತೆಗೆದುಕೊಳ್ಳುತ್ತದೆ. ಹುಟ್ಟಿದ ದಿನ, ತಂದೆತಾಯಿ, ಬಡತನ, ಒಂದು ಪ್ರಸಂಗ, ಪ್ರಶಸ್ತಿ, ‘ಇವರ ಆದರ್ಶ ನಮಗೆ ದಾರಿದೀಪ’. ಈ ಅಚ್ಚಿಗೆ ತಕ್ಕಂತೆ ಪುಸ್ತಕಗಳೂ ಹುಟ್ಟಿದವು. ಭಾಷಣದಲ್ಲಿ ‘ಇದು ಖಚಿತವಿಲ್ಲ’ ಎಂದರೆ ಯಾರು ಚಪ್ಪಾಳೆ ತಟ್ಟುತ್ತಾರೆ?

ಕನ್ನಡದಲ್ಲಿ ಮಕ್ಕಳಿಗೆ ಜೀವನಚರಿತ್ರೆ ಬರೆಯುವ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆದದ್ದು 1970ರ ದಶಕದಲ್ಲಿ. ಬೆಂಗಳೂರಿನ ರಾಷ್ಟ್ರೋತ್ಥಾನದವರ ‘ಭಾರತ-ಭಾರತಿ’ ಮಾಲೆ, ಪ್ರೊ. ಎಲ್.ಎಸ್. ಶೇಷಗಿರಿರಾವ್ ಸಂಪಾದಕರು, ಒಟ್ಟು 510 ಪುಟ್ಟ ಪುಸ್ತಕಗಳು. ಜೇಬಿಗೆ ಹಿಡಿಯುವ ಗಾತ್ರ, ಹುಡುಗರ ಕೈಗೆಟುಕುವ ಬೆಲೆ. ಆ ಮಾಲೆಯನ್ನು ಸದರವಾಗಿ ಕಾಣುವವರನ್ನು ಕಂಡರೆ ನನಗೆ ಸಿಟ್ಟು. ಒಂದು ಇಡೀ ತಲೆಮಾರಿನ ಹಳ್ಳಿ ಮಕ್ಕಳಿಗೆ ಪಠ್ಯದ ಆಚೆಗೆ ಸಿಕ್ಕ ಮೊದಲ ಪುಸ್ತಕ ಅದೇ. ವಿಜ್ಞಾನಿಗಳು, ಸಂತರು, ರಾಜರು, ಕ್ರಾಂತಿಕಾರಿಗಳು ಎಲ್ಲರೂ ಒಂದೇ ಕಪಾಟಿನಲ್ಲಿ ಸಿಕ್ಕರು. ಆದರೆ ಹಲವನ್ನು ಒಟ್ಟಿಗೆ ಓದಿದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ: ಮಹಾಪುರುಷರೆಲ್ಲರ ಬಾಲ್ಯ ಹೆಚ್ಚುಕಡಿಮೆ ಒಂದೇ ಥರ. ಎಲ್ಲರೂ ತಾಯಿಯ ಮಾತು ಕೇಳಿದವರೇ. ಸಂದೇಹಪಟ್ಟವರು, ಹೊಟ್ಟೆಕಿಚ್ಚುಪಟ್ಟವರು, ಯಾವುದಾದರೂ ಕೆಲಸ ಅರ್ಧಕ್ಕೆ ಬಿಟ್ಟವರು ಅಪರೂಪ. ಇದು ಆ ಮಾಲೆಯೊಂದರ ದೋಷವಲ್ಲ, ಆಮೇಲೆ ಬಂದ ಬಣ್ಣಬಣ್ಣದ ಪುಸ್ತಕಗಳಲ್ಲಿ ಅದು ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಒಂದೇ ಅಚ್ಚಿನಿಂದ ಏನಾಗುತ್ತದೆ ಎಂಬುದಕ್ಕೆ ದೇವನಹಳ್ಳಿಯಿಂದ ಸ್ವಲ್ಪ ಮುಂದೆ ಹೋದರೆ ಸಿಗುವ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನೇ ನೋಡಬಹುದು. ಅವರ ಬಗ್ಗೆ ಮಗುವಿಗೆ ಗೊತ್ತಿರುವುದು ಎರಡು ಪ್ರಸಂಗ. ಬೀದಿದೀಪದ ಕೆಳಗೆ ಓದಿದರು. ಸರ್ಕಾರದ ಕೆಲಸಕ್ಕೆ ಸರ್ಕಾರದ ಮೇಣದಬತ್ತಿ, ಸ್ವಂತ ಕೆಲಸಕ್ಕೆ ಸ್ವಂತ ಮೇಣದಬತ್ತಿ ಹಚ್ಚಿದರು. ಬೀದಿದೀಪದ ಕಥೆಯನ್ನು ಬಂಗಾಳದಲ್ಲಿ ಈಶ್ವರಚಂದ್ರ ವಿದ್ಯಾಸಾಗರರ ಮೇಲೆ ಹೇಳುತ್ತಾರೆ, ಮದರಾಸಿನಲ್ಲಿ ನ್ಯಾಯಮೂರ್ತಿ ಮುತ್ತುಸ್ವಾಮಿ ಅಯ್ಯರ್ ಮೇಲೆ. ಎರಡು ದೀಪದ ಕಥೆ ಚಾಣಕ್ಯನಿಗೂ ಇದೆ, ಎಂಟನೆಯ ಶತಮಾನದ ಖಲೀಫ ಉಮರ್ ಬಿನ್ ಅಬ್ದುಲ್ ಅಜೀಜರಿಗೂ ಇದೆ. ಅಮೆರಿಕದವರು ಜಾರ್ಜ್ ವಾಷಿಂಗ್ಟನ್ ಬಾಲಕನಾಗಿದ್ದಾಗ ಚೆರ್ರಿ ಮರ ಕಡಿದು ಅಪ್ಪನ ಮುಂದೆ ನಿಜ ಒಪ್ಪಿಕೊಂಡ ಎಂದು ತಲೆಮಾರುಗಟ್ಟಲೆ ಹೇಳಿಕೊಟ್ಟರು. ಸತ್ಯಸಂಧತೆಯ ಆ ಪಾಠವನ್ನು 1806ರ ಹೊತ್ತಿಗೆ ಪುಸ್ತಕಕ್ಕೆ ಸೇರಿಸಿದ ವೀಮ್ಸ್ ಎಂಬ ಪಾದ್ರಿ ಅದನ್ನು ಕಟ್ಟಿ ಹೇಳಿದ್ದ ಎಂಬುದು ಈಗ ಎಲ್ಲರೂ ಒಪ್ಪಿದ ಮಾತು. ಸತ್ಯ ಹೇಳಿ ಎಂದು ಕಲಿಸಲು ಒಂದು ಸುಳ್ಳು!

ಇಂಥ ಅಲೆಮಾರಿ ಕಥೆಗಳಲ್ಲಿ ಒಂದೊಂದು ನಿಜವಿದ್ದರೂ ಇರಬಹುದು. ನಷ್ಟ ಬೇರೆಡೆ ಇದೆ. ಮೇಣದಬತ್ತಿಗೆ ಜಾಗ ಕೊಟ್ಟ ಪುಸ್ತಕದಲ್ಲಿ ವಿಶ್ವೇಶ್ವರಯ್ಯನವರ ಕೆಲಸಕ್ಕೆ ಜಾಗ ಉಳಿಯುವುದಿಲ್ಲ. 1903ರಲ್ಲಿ ಪುಣೆಯ ಹತ್ತಿರ ಖಡಕ್‌ವಾಸ್ಲಾ ಜಲಾಶಯಕ್ಕೆ ಅವರು ಕೂರಿಸಿದ ಸ್ವಯಂಚಾಲಿತ ಬಾಗಿಲುಗಳ ಹೆಸರು ಎಲ್ಲ ಪುಸ್ತಕದಲ್ಲೂ ಒಂದು ಸಾಲು ಬರುತ್ತದೆ. ಅವು ಹೇಗೆ ಕೆಲಸ ಮಾಡುತ್ತಿದ್ದವು ಎಂಬುದು ಬರುವುದಿಲ್ಲ. ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಮಗುವಿಗೆ ಇದನ್ನು ಹೇಳುವುದು ಎಷ್ಟು ಸುಲಭ! ಕೆರೆ ಕೋಡಿ ಬಿದ್ದದ್ದನ್ನು ಅದು ನೋಡಿರುತ್ತದೆ. ಕೋಡಿಯ ಮಟ್ಟ ಏರಿಸಿದರೆ ನೀರೇನೋ ಹೆಚ್ಚು ನಿಲ್ಲುತ್ತದೆ, ಆದರೆ ದೊಡ್ಡ ಮಳೆ ಬಂದ ರಾತ್ರಿ ಏರಿಗೇ ಅಪಾಯ. ಹಾಗಾದರೆ ನೀರು ಒಂದು ಮಟ್ಟ ದಾಟಿದಾಗ ತಾನಾಗಿ ತೆರೆದುಕೊಂಡು, ಇಳಿದಾಗ ತಾನಾಗಿ ಮುಚ್ಚಿಕೊಳ್ಳುವ ಬಾಗಿಲನ್ನು ಕೋಡಿಗೆ ಇಟ್ಟರೆ? ಇಷ್ಟು ಹೇಳಿದರೆ ಆ ಎಂಜಿನಿಯರು ತಲೆ ಕೆಡಿಸಿಕೊಂಡ ಸಮಸ್ಯೆ ಮಗುವಿನದೂ ಆಗುತ್ತದೆ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಹೈದರಾಬಾದನ್ನು ಕೊಚ್ಚಿದಾಗ ನಿಜಾಮರ ಸರ್ಕಾರ ಅವರನ್ನೇ ಏಕೆ ಕರೆಸಿತು ಎಂಬುದು ಆಗ ತಾನೇ ತಿಳಿಯುತ್ತದೆ. ತಮ್ಮ ಆತ್ಮಕಥೆಗೆ ಅವರು ‘ವೃತ್ತಿಜೀವನದ ನೆನಪುಗಳು’ ಎಂದೇ ಹೆಸರಿಟ್ಟರು. ವೃತ್ತಿಯನ್ನು ಬಿಟ್ಟು ನಾವು ಮೇಣದಬತ್ತಿಯನ್ನು ಹಿಡಿದುಕೊಂಡೆವು. ಅಂದಹಾಗೆ ಅವರು ಹುಟ್ಟಿದ ವರ್ಷ ಕೆಲವು ಪುಸ್ತಕಗಳಲ್ಲಿ 1860, ಕೆಲವುಗಳಲ್ಲಿ 1861. ಅವರ ಜನ್ಮಶತಮಾನೋತ್ಸವದ ಅಂಚೆಚೀಟಿ ಬಂದದ್ದು 1960ರಲ್ಲಿ. ಈ ಮೂರು ಅಂಕಿಯನ್ನು ಮಕ್ಕಳ ಮುಂದಿಟ್ಟು ‘ನೀವೇ ಹೇಳಿ’ ಎಂದರೆ ಒಂದು ಪಿರಿಯಡ್ ಹೋದದ್ದೇ ತಿಳಿಯುವುದಿಲ್ಲ.

ನನ್ನ ಪ್ರಶ್ನೆಗೆ ಕಠಿಣ ಪರೀಕ್ಷೆ ಇರುವುದು ದೇವನಹಳ್ಳಿಯಲ್ಲಿ. ಕೋಟೆಯ ಹತ್ತಿರ ಒಂದು ಸಣ್ಣ ಮಂಟಪ, ಟಿಪ್ಪು ಸುಲ್ತಾನ್ ಹುಟ್ಟಿದ ಜಾಗ ಎಂದು ಗುರುತಿಸಿರುವ ಕಲ್ಲು. ಅವನ ಜಯಂತಿಯನ್ನು ಸರ್ಕಾರ 2015ರಿಂದ ಆಚರಿಸಿತು, 2019ರಲ್ಲಿ ನಿಲ್ಲಿಸಿತು. ಅವನ ಬಗ್ಗೆ ಎರಡು ಬಗೆಯ ಪುಸ್ತಕ ಸಿಗುತ್ತದೆ. ಒಂದರಲ್ಲಿ ಅವನು ಹುಲಿ, ಇನ್ನೊಂದರಲ್ಲಿ ರಾಕ್ಷಸ. ಮನೆಯವರು ಯಾವ ಅಂಗಡಿಗೆ ಹೋಗುತ್ತಾರೋ ಮಗುವಿಗೆ ಆ ಟಿಪ್ಪು. ಎರಡೂ ಪುಸ್ತಕ ತಮಗೆ ಹೇಗೆ ಗೊತ್ತು ಎಂದು ಹೇಳುವುದಿಲ್ಲ, ಆ ಮಟ್ಟಿಗೆ ಅವು ಅಣ್ಣತಮ್ಮಂದಿರೇ.

ಹೇಳಲು ಇರುವುದು ಕಡಿಮೆಯೇ? ಸುಲ್ತಾನನ ಮಗ ದೇವನಹಳ್ಳಿಯಲ್ಲಿ ಏಕೆ ಹುಟ್ಟಿದ ಎಂಬಲ್ಲಿಂದ ಶುರುಮಾಡಬಹುದು. ಆಗ ಅವನು ಸುಲ್ತಾನನ ಮಗನಾಗಿರಲೇ ಇಲ್ಲ. ಹೈದರಾಲಿ ಮೈಸೂರು ಸೈನ್ಯದಲ್ಲಿದ್ದ, 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಮೊದಲ ಬಾರಿಗೆ ಮೇಲಿನವರ ಕಣ್ಣಿಗೆ ಬಿದ್ದಿದ್ದ. 1791ರಲ್ಲಿ ಮರಾಠರ ದಂಡು ಶೃಂಗೇರಿಯನ್ನು ಲೂಟಿ ಮಾಡಿದಾಗ ಟಿಪ್ಪು ಮಠಕ್ಕೆ ಬರೆದ ಕನ್ನಡ ಕಾಗದಗಳಿವೆ, 1916ರಲ್ಲಿ ಅವುಗಳನ್ನು ಬೆಳಕಿಗೆ ತಂದವರು ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು. ಅದೇ ಟಿಪ್ಪು 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದ, ಕೊಡವರನ್ನು ಸೆರೆಯೊಯ್ದ. ಯುದ್ಧದಲ್ಲಿ ಸೋತ ಮೇಲೆ 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ ಕೊಟ್ಟು, ದಂಡದ ಹಣ ತೀರುವ ತನಕ ತನ್ನ ಇಬ್ಬರು ಎಳೆಯ ಮಕ್ಕಳನ್ನು ಇಂಗ್ಲಿಷರಿಗೆ ಒತ್ತೆ ಇಟ್ಟ. ಆ ದೃಶ್ಯದ ಹೆಸರಾಂತ ಚಿತ್ರಗಳಿವೆ. ಅವನ್ನು ಬರೆದವರು ಗೆದ್ದ ಕಡೆಯ ಚಿತ್ರಕಾರರು, ಹಾಗಾಗಿ ಅವುಗಳಲ್ಲಿ ಇಂಗ್ಲಿಷರ ಸೇನಾಪತಿ ಕಾರ್ನ್‌ವಾಲಿಸ್ ಕರುಣಾಳು ತಂದೆಯಂತೆ ನಿಂತಿದ್ದಾನೆ. ಆ ಚಿತ್ರವನ್ನೇ ಪುಸ್ತಕದಲ್ಲಿ ಹಾಕಿ, ಬರೆದವರು ಯಾರು ಎಂದು ಕೆಳಗೆ ಹೇಳಿದರೆ ಯಾರ ಕಣ್ಣಿನಿಂದ ನೋಡುತ್ತಿದ್ದೇವೆ ಎಂಬ ಪಾಠವೂ ಆಯಿತು.

ಮಕ್ಕಳಿಗೆ ಇಷ್ಟೆಲ್ಲ ಗೊಂದಲ ಬೇಕೇ, ಮೊದಲು ಆದರ್ಶ ಇರಲಿ, ವಿಮರ್ಶೆ ಕಾಲೇಜಿನಲ್ಲಿ ಬರಲಿ ಎನ್ನುವವರಿದ್ದಾರೆ. ಹಗುರವಾದ ಆಕ್ಷೇಪಣೆಯಲ್ಲ. ಆರು ವರ್ಷದ ಮಗುವಿಗೆ ಸೆರೆಯಾಳುಗಳ ಕಥೆ ಬೇಕಿಲ್ಲ. ಆ ವಯಸ್ಸಿಗೆ ಟಿಪ್ಪುವಿನ ಪುಸ್ತಕವೇ ಬೇಡ ಎನ್ನುವ ಧೈರ್ಯವೂ ಪ್ರಕಾಶಕರಿಗೆ ಇರಬೇಕು. ಆದರೆ ಹತ್ತು ದಾಟಿದ ಮಗು ಮನೆಯಲ್ಲೇ ಕಲಿತಿರುತ್ತದೆ. ತನ್ನನ್ನು ಹೆಗಲ ಮೇಲೆ ಹೊತ್ತು ಜಾತ್ರೆ ತೋರಿಸುವ ತಾತ ಅಜ್ಜಿಯ ಮೇಲೆ ಕೂಗಾಡುವುದನ್ನು ಅದು ಕಂಡಿದೆ. ಒಬ್ಬ ಮನುಷ್ಯನಲ್ಲಿ ಎರಡೂ ಇರುತ್ತವೆ ಎಂಬುದು ಅದಕ್ಕೆ ಹೊಸ ಸುದ್ದಿಯಲ್ಲ, ಪುಸ್ತಕ ಮಾತ್ರ ಗೊತ್ತಿಲ್ಲದಂತೆ ನಟಿಸುತ್ತದೆ. ಇನ್ನು ಕಾಲೇಜಿಗೆ ಮುಂದೂಡಿದ ವಿಮರ್ಶೆ ಬರುವ ರೀತಿಯೇ ಬೇರೆ. ಮೇಣದಬತ್ತಿ ಸುಳ್ಳು ಎಂದು ಯಾರೋ ಫೋನಿನಲ್ಲಿ ಕಳಿಸುತ್ತಾರೆ, ಹುಡುಗ ಅಣೆಕಟ್ಟನ್ನೂ ನಂಬುವುದು ಬಿಡುತ್ತಾನೆ.

ಬೇಸರವಾಗದಂತೆ ಹೀಗೆ ಬರೆಯಲು ಕನ್ನಡದಲ್ಲಿ ಆಗುತ್ತದೆಯೇ ಎಂದರೆ ದೊಡ್ಡವರಿಗೆ ಬರೆದದ್ದರಲ್ಲಿ ಮಾದರಿ ಇದೆ. ಡಿ.ವಿ.ಜಿ.ಯವರ ‘ಜ್ಞಾಪಕ ಚಿತ್ರಶಾಲೆ’ಯಲ್ಲಿ ವ್ಯಕ್ತಿಗಳು ಸಿಟ್ಟು, ಸಿಡುಕು, ತಮಾಷೆ ಸಮೇತ ಬರುತ್ತಾರೆ. ಬರೆಯುವವರು ಕಂಡದ್ದಿಷ್ಟು, ಕೇಳಿದ್ದಿಷ್ಟು ಎಂಬುದೂ ಓದುಗನಿಗೆ ತಿಳಿಯುತ್ತದೆ. ಆ ಹದ ಮಕ್ಕಳ ಪುಸ್ತಕಕ್ಕೆ ಇಳಿದು ಬರಲಿಲ್ಲ ಅಷ್ಟೆ.

ಇನ್ನೊಂದು ಮಾತನ್ನು ನುಂಗಿಕೊಳ್ಳಲಾರೆ. ಈ ಸೀಮೆಯ ಹೆಸರಾಂತ ಹೆಣ್ಣುಗಳ ಕಥೆಯಲ್ಲಿ ಸಾವೇ ಸಾಧನೆ. ಶಾಂತಲೆ ಹಾರಿದಳು. ಬೆಂಗಳೂರು ಕೋಟೆಯ ಬಾಗಿಲು ನಿಲ್ಲಲೆಂದು ಕೆಂಪೇಗೌಡರ ಸೊಸೆ ಕತ್ತು ಕೊಯ್ದುಕೊಂಡಳು. ಸೊಸೆಯ ಬಲಿಯ ಕಥೆ ನಮ್ಮ ಜನಪದದ ಕೆರೆಗಳಿಗೂ ಅಂಟಿಕೊಂಡಿದೆ, ಅದನ್ನು ಕಥೆಯಾಗಿ ಹೇಳಿದರೆ ಕರುಳು ಹಿಂಡುತ್ತದೆ. ಕೆಂಪೇಗೌಡರ ಚರಿತ್ರೆಯ ನಡುವೆ ಪೇಟೆ, ಕೆರೆಗಳ ಸಾಲಿನಲ್ಲಿಯೇ ಅದನ್ನೂ ನಡೆದ ಘಟನೆಯೆಂದು ಕೂರಿಸಿದರೆ ಓದುವ ಹುಡುಗಿ ಕಲಿಯುವುದೇನು? ಗಂಡಸಿಗೆ ಊರು ಕಟ್ಟುವ ಕೆಲಸ, ನಮಗೆ ಸಾಯುವ ಕೆಲಸ.

ಸಾಯದೆ ಹೆಸರು ಮಾಡಿದ ಹೆಣ್ಣು ನಮ್ಮ ಪಕ್ಕದಲ್ಲೇ ಇದ್ದರು. ಸಾಲುಮರದ ತಿಮ್ಮಕ್ಕನವರ ಹುಲಿಕಲ್ ಇರುವ ಮಾಗಡಿ ತಾಲ್ಲೂಕು 2007ರ ತನಕ ಬೆಂಗಳೂರು ಗ್ರಾಮಾಂತರ ಜಿಲ್ಲೆಯದೇ. ಮಕ್ಕಳ ಪುಸ್ತಕದಲ್ಲಿ ಸಿಗುವುದು ಒಂದೇ ಸಾಲಿನ ತಿಮ್ಮಕ್ಕ: ಮಕ್ಕಳಿಲ್ಲದ್ದಕ್ಕೆ ಮರಗಳನ್ನೇ ಮಕ್ಕಳಂತೆ ಸಾಕಿದರು, 2019ರಲ್ಲಿ ಪದ್ಮಶ್ರೀ ಬಂತು. ಕಲ್ಲಿನ ಕ್ವಾರಿಯಲ್ಲಿ ಕೂಲಿ ಮಾಡಿದ ಹೆಂಗಸು, ಗಂಡ ಚಿಕ್ಕಯ್ಯನವರ ಜೊತೆ ಹುಲಿಕಲ್-ಕುದೂರು ರಸ್ತೆಯ ಮಗ್ಗುಲಲ್ಲಿ ಆಲದ ಸಸಿ ನೆಟ್ಟದ್ದು, ದನ ಮೇಯದಂತೆ ಮುಳ್ಳು ಕಟ್ಟಿದ್ದು, ಬಿಂದಿಗೆಯಲ್ಲಿ ನೀರು ಹೊತ್ತದ್ದು, ಮೊದಲ ವರ್ಷ ಹತ್ತೇ ಗಿಡವಾದದ್ದು ಇವೆಲ್ಲ ಯಾರು ಬೇಕಾದರೂ ಹೋಗಿ ನೋಡಬಹುದಾದ, ಕೇಳಬಹುದಾದ ಸಂಗತಿ. ಮರಗಳು ಈಗಲೂ ಅಲ್ಲಿವೆ, ನೆರಳಲ್ಲಿ ನಿಂತು ಎಣಿಸಬಹುದು. ಯಾರು ಕಂಡು ಹೇಳಿದ್ದು ಎಂಬ ಪ್ರಶ್ನೆಗೆ ಇಷ್ಟು ಅಗ್ಗವಾಗಿ ಉತ್ತರ ಸಿಗುವ ಜೀವನ ಬೇರೊಂದಿಲ್ಲ. ಆದರೂ ಕಥೆ ಪದಕದ ಫೋಟೋಗೆ ಬಂದು ನಿಲ್ಲುತ್ತದೆ. ಪದ್ಮಶ್ರೀ ಬಂದ ಅದೇ ವರ್ಷ ಬಾಗೇಪಲ್ಲಿ-ಹಲಗೂರು ರಸ್ತೆ ಅಗಲ ಮಾಡುವ ಯೋಜನೆಗೆ ಆ ಮರಗಳೇ ಬಲಿಯಾಗಲಿದ್ದವು, ನೂರು ದಾಟಿದ ಮುದುಕಿ ಮುಖ್ಯಮಂತ್ರಿಯವರಿಗೆ ಮೊರೆಯಿಟ್ಟು ಅವನ್ನು ಉಳಿಸಿಕೊಳ್ಳಬೇಕಾಯಿತು. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಹಾದು ಹೊಸಕೋಟೆಯ ತನಕ ಹೊಸ ವರ್ತುಲ ರಸ್ತೆ ಬಂದಿರುವ ಈ ಜಿಲ್ಲೆಯ ಮಕ್ಕಳಿಗೆ ಪದಕದ ಪುಟಕ್ಕಿಂತ ಆ ಮೊರೆಯ ಪುಟ ಮೊದಲು ಬೇಕು. ಯಾರಿಗೆ ಬರೆದರು, ಯಾರು ತಡೆದರು, ರಸ್ತೆ ಏನಾಯಿತು ಎಂದು ಅವರು ಕೇಳದೆ ಬಿಡುವುದಿಲ್ಲ.