ಓಡುವ ಗಾಡಿಗಳ ನಡುವೆ ಕಟ್ಟುವ ನಿಲ್ದಾಣ

ಹೊಸಹಳ್ಳಿಯಲ್ಲಿ ಮೆಟ್ರೊ ಹತ್ತಿದರೆ ಮಾಗಡಿ ರಸ್ತೆ ದಾಟಿ ಎರಡನೆಯದೇ ಸಿಟಿ ರೈಲ್ವೆ ಸ್ಟೇಷನ್. ವಿಜಯನಗರ, ರಾಜಾಜಿನಗರ, ಬಸವೇಶ್ವರನಗರದ ಅನೇಕ ಮನೆಗಳಲ್ಲಿ ಊರಿಗೆ ಹೊರಡುವುದೆಂದರೆ ಈ ನಿಲ್ದಾಣಕ್ಕೆ ಹೊರಡುವುದೆಂದೇ ಅರ್ಥ. ಅಜ್ಜ ಕಂಡ ನಿಲ್ದಾಣವೇ ಬೇರೆ, ಅಪ್ಪ ಕಂಡದ್ದೇ ಬೇರೆ, ಈಗ ಮಕ್ಕಳು ಕಾಣುತ್ತಿರುವುದೇ ಬೇರೆ. ಆದರೆ ಹೊಸದಾಗಿ ಕಟ್ಟಬೇಕೆಂದು ಅದನ್ನು ಪೂರ್ತಿ ಮುಚ್ಚಿದ್ದನ್ನು ಮೂವರಲ್ಲಿ ಯಾರೂ ಕಂಡಿಲ್ಲ. ಹಾಗಾದರೆ ಅದು ಬದಲಾದದ್ದು ಯಾವಾಗ?

ಮನೆ ದುರಸ್ತಿಯಾದರೆ ನಾಲ್ಕು ತಿಂಗಳು ಬಾಡಿಗೆ ಮನೆಗೆ ಹೋಗಬಹುದು. ರೈಲ್ವೆ ನಿಲ್ದಾಣಕ್ಕೆ ಆ ಸೌಕರ್ಯವಿಲ್ಲ. ಗಾಡಿಗಳು ಬರುತ್ತಲೇ ಇರಬೇಕು, ಜನ ಇಳಿಯುತ್ತಲೇ ಇರಬೇಕು, ಅದರ ನಡುವೆಯೇ ಗಾರೆ ಕಲಸಬೇಕು. ಹಳಿಯ ಮೇಲೆ ಅಥವಾ ಹಳಿಗೆ ಹತ್ತಿರದಲ್ಲಿ ಏನೇ ಮಾಡಬೇಕಾದರೂ ಆ ಹಳಿಯಲ್ಲಿ ಸಂಚಾರ ನಿಲ್ಲಿಸಿ ಸಮಯ ಪಡೆಯಬೇಕಾಗುತ್ತದೆ. ರೈಲ್ವೆಯವರು ಇದನ್ನು ‘ಬ್ಲಾಕ್’ ಎನ್ನುತ್ತಾರೆ. ಅದು ಸಿಗುವುದು ಸಾಮಾನ್ಯವಾಗಿ ಕೆಲವೇ ಗಂಟೆಗಳ ಮಟ್ಟಿಗೆ. ಒಂದು ತೊಲೆ ಎತ್ತಿ ಕೂರಿಸಬೇಕೆಂದರೆ ಕ್ರೇನು, ಕೆಲಸಗಾರರು, ಬೋಲ್ಟುಗಳೆಲ್ಲ ಮೊದಲೇ ಸಿದ್ಧವಾಗಿದ್ದು, ಅಷ್ಟರೊಳಗೆ ಕೆಲಸ ಮುಗಿದು ಹಳಿ ತೆರವಾಗಬೇಕು. ಆರು ತಿಂಗಳಲ್ಲಿ ಮುಗಿಯಬಹುದಾದ ಮೇಲ್ಸೇತುವೆ ಎರಡು ವರ್ಷ ಹಿಡಿಯುವುದಕ್ಕೆ ಸೋಮಾರಿತನ ಒಂದೇ ಕಾರಣವಲ್ಲ. (ಅದೂ ಒಂದು ಕಾರಣವಾಗಿರುವ ಕಡೆಗಳು ಇಲ್ಲದಿಲ್ಲ.)

ಬೆಂಗಳೂರಿಗೆ ರೈಲು ಮೊದಲು ಬಂದದ್ದು 1864ರಲ್ಲಿ, ಜೋಲಾರಪೇಟೆಯ ಕಡೆಯಿಂದ, ದಂಡಿನ ನಿಲ್ದಾಣಕ್ಕೆ. ಇಂದಿಗೂ ಅದರ ಹೆಸರು ಬೆಂಗಳೂರು ದಂಡು. ಪೇಟೆಯ ಪಕ್ಕದ ಸಿಟಿ ನಿಲ್ದಾಣ ಹುಟ್ಟಿದ್ದು ಮೈಸೂರು ಮಾರ್ಗದ ದೆಸೆಯಿಂದ. 1876ರಿಂದ 78ರವರೆಗಿನ ಘೋರ ಕ್ಷಾಮದಲ್ಲಿ ಹಸಿದವರಿಗೆ ಕೂಲಿ ಒದಗಿಸುವ ಪರಿಹಾರ ಕಾಮಗಾರಿಯಾಗಿ ಈ ಮಾರ್ಗದ ಮಣ್ಣಿನ ಕೆಲಸ ನಡೆಯಿತು. 1881-82ರಲ್ಲಿ ಸುಮಾರು 138 ಕಿಲೋಮೀಟರ್ ಉದ್ದದ ಮಾರ್ಗ ಹಂತಹಂತವಾಗಿ ತೆರೆಯಿತು. ಎದುರಿಗಿದ್ದದ್ದು ಧರ್ಮಾಂಬುಧಿ ಕೆರೆ. ಈಗ ಮೆಜೆಸ್ಟಿಕ್ ಬಸ್ ನಿಲ್ದಾಣವಿರುವುದು ಆ ಕೆರೆಯ ಅಂಗಳದಲ್ಲಿ.

ಮೈಸೂರು ಮಾರ್ಗ ಮೀಟರ್ ಗೇಜ್. ಹಳಿಗಳ ನಡುವಿನ ಅಂತರ 1,000 ಮಿಲಿಮೀಟರ್. ಮದರಾಸಿನ ಕಡೆಯದು ಬ್ರಾಡ್ ಗೇಜ್, 1,676 ಮಿಲಿಮೀಟರ್. ಹೀಗಾಗಿ ಒಂದೇ ನಿಲ್ದಾಣದಲ್ಲಿ ಎರಡು ಅಳತೆಯ ಲೋಕಗಳಿದ್ದವು. ಮೈಸೂರಿನಿಂದ ಮದರಾಸಿಗೆ ಹೊರಟವರು ಇಲ್ಲಿ ಇಳಿದು, ಕೂಲಿಯ ತಲೆಯ ಮೇಲೆ ಟ್ರಂಕು ಹೊರಿಸಿ, ಇನ್ನೊಂದು ಪ್ಲಾಟ್‌ಫಾರಂಗೆ ಓಡಬೇಕಿತ್ತು. ಮೂಟೆಗಳನ್ನೂ ಒಂದು ಗಾಡಿಯಿಂದ ಇಳಿಸಿ ಇನ್ನೊಂದಕ್ಕೆ ತುಂಬಬೇಕಿತ್ತು.

1990ರ ದಶಕದ ಗೇಜ್ ಪರಿವರ್ತನೆ ಈ ಪಾಡನ್ನು ತಪ್ಪಿಸಿತು. ನಿಲ್ದಾಣದ ಇತಿಹಾಸದಲ್ಲಿ ಬಹುಶಃ ಎಲ್ಲಕ್ಕಿಂತ ದೊಡ್ಡ ನವೀಕರಣ ಇದೇ. ಆದರೆ ಮುಂಬಾಗಿಲಲ್ಲಿ ನಿಂತು ನೋಡಿದರೆ ಏನೂ ಆಗಿಲ್ಲವೆಂದೇ ತೋರುತ್ತಿತ್ತು. ಹಳಿಯನ್ನು ಅಗಲಿಸುವುದೆಂದರೆ ಒಂದು ಕಂಬಿಯನ್ನು ಪಕ್ಕಕ್ಕೆ ತಳ್ಳುವುದಲ್ಲ. ಅಡಿಯ ಸ್ಲೀಪರ್‌ಗಳು ಉದ್ದವಾಗಬೇಕು, ಜಲ್ಲಿಯ ಹಾಸು ಅಗಲವಾಗಬೇಕು. ಬ್ರಾಡ್ ಗೇಜ್ ಬೋಗಿಯ ಅಗಲ ಮೀಟರ್ ಗೇಜ್ ಬೋಗಿಗಿಂತ ಸುಮಾರು ಅರ್ಧ ಮೀಟರ್ ಹೆಚ್ಚು. ಆದ್ದರಿಂದ ಪ್ಲಾಟ್‌ಫಾರಂನ ಅಂಚನ್ನೇ ಕಡಿಯಬೇಕು, ಇಲ್ಲವೇ ಹಳಿಯನ್ನೇ ದೂರ ಸರಿಸಬೇಕು. ಹಳಿ ಸರಿದರೆ ಪಕ್ಕದ ಹಳಿಗೆ ಜಾಗ ಸಾಲದು. ಒಂದು ಇಟ್ಟಿಗೆ ಎಳೆದರೆ ಇಡೀ ಗೋಡೆ ಅಲುಗಿದಂತೆ!

ಇದಾದ ಮೇಲಿನ ಬದಲಾವಣೆಗಳು ಕಣ್ಣಿಗೆ ಕಾಣುವಂಥವು. ಈಗ ಹತ್ತು ಪ್ಲಾಟ್‌ಫಾರಂಗಳಿವೆ. ಮೆಜೆಸ್ಟಿಕ್ ಕಡೆಯ ಬಾಗಿಲಿನ ಜೊತೆಗೆ ಹಿಂಬದಿಯಲ್ಲಿ ಓಕಳಿಪುರದ ಕಡೆಗೂ ಬಾಗಿಲು ತೆರೆಯಿತು. ಪಶ್ಚಿಮ ಬಡಾವಣೆಗಳವರಿಗೆ ಇದರಿಂದಾದ ಉಪಕಾರ ಸಣ್ಣದಲ್ಲ. 2003ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು ನೈರುತ್ಯ ರೈಲ್ವೆ ಆರಂಭವಾದಾಗ ನಿಲ್ದಾಣ ಅದರ ಆಡಳಿತಕ್ಕೆ ಬಂತು. 2016ರಲ್ಲಿ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರು ಪಡೆಯಿತು. ಆದರೂ ಟಿಕೆಟಿನ ಮೇಲೆ ಹಳೆಯ ‘ಎಸ್‌ಬಿಸಿ’ ಸಂಕೇತವೇ ಉಳಿದಿದೆ. ಅದೇ ವರ್ಷ ಏಪ್ರಿಲ್ ಕೊನೆಯಲ್ಲಿ ಮೆಟ್ರೊದ ಸುರಂಗ ಮಾರ್ಗ ತೆರೆದು, ಹೊಸಹಳ್ಳಿಯವರು ಬಸ್ಸಿಗೆ ಕಾಯದೆ ಇಲ್ಲಿಗೆ ಬರುವಂತಾಯಿತು. ಮೆಟ್ರೊ ಹಳಿಯ ಅಗಲ 1,435 ಮಿಲಿಮೀಟರ್! ಎರಡು ಅಳತೆಗಳ ಕಾಟ ತಪ್ಪಿತು ಎನ್ನುವಷ್ಟರಲ್ಲಿ ಮಗ್ಗುಲಿಗೇ ಮತ್ತೊಂದು ಅಳತೆ ಬಂದು ಕುಳಿತಿದೆ.

ಓಕಳಿಪುರದ ರಸ್ತೆಯ ಕೆಲಸದಲ್ಲಿ ಬಳಸಿದ ‘ಬಾಕ್ಸ್ ಪುಷಿಂಗ್’ ವಿಧಾನ ವಿಜ್ಞಾನದ ವಿದ್ಯಾರ್ಥಿಗಳು ತಿಳಿಯತಕ್ಕದ್ದು. ಮೇಲೆ ಗಾಡಿಗಳು ಓಡುತ್ತಿರಬೇಕು, ಕೆಳಗೆ ರಸ್ತೆ ಬರಬೇಕು. ಹಳಿಯ ಪಕ್ಕದಲ್ಲಿ ಗುಂಡಿ ತೋಡಿ, ಎರಡೂ ತುದಿ ತೆರೆದಿರುವ ಭಾರಿ ಕಾಂಕ್ರೀಟು ಪೆಟ್ಟಿಗೆಯನ್ನು ಅಲ್ಲೇ ಎರಕ ಹೊಯ್ಯುತ್ತಾರೆ. ಅದು ಗಟ್ಟಿಯಾದ ಮೇಲೆ ಹಿಂದಿನಿಂದ ಹೈಡ್ರಾಲಿಕ್ ಜಾಕಿಗಳನ್ನಿಟ್ಟು ಹಳಿಯ ಅಡಿಗೆ ತಳ್ಳುತ್ತಾರೆ. ಮುಂದಿನ ಮಣ್ಣನ್ನು ಪೆಟ್ಟಿಗೆಯೊಳಗಿನಿಂದಲೇ ಅಗೆದು ತೆಗೆಯುತ್ತಾರೆ. ಅಗೆದಷ್ಟು ತಳ್ಳುವುದು, ತಳ್ಳಿದಷ್ಟು ಅಗೆಯುವುದು. ಮೇಲಿನ ಹಳಿಗೆ ತಾತ್ಕಾಲಿಕ ಆಧಾರ ಕೊಟ್ಟು ಗಾಡಿಗಳನ್ನು ನಿಧಾನವಾಗಿ ಬಿಡುತ್ತಾರೆ. ಪಾಸ್ಕಲನ ನಿಯಮವನ್ನು ಪಾಠದಲ್ಲಿ ಓದಿ ‘ಇದರಿಂದ ಏನು ಪ್ರಯೋಜನ’ ಎಂದು ಕೇಳುವ ಹುಡುಗರಿಗೆ ಓಕಳಿಪುರವೇ ಉತ್ತರ.

ವಿದ್ಯುತ್ ಗಾಡಿಗಳು ಬಂದ ಮೇಲೆ ನಿಲ್ದಾಣದ ಎತ್ತರದ ಲೆಕ್ಕವೂ ಬದಲಾಯಿತು. ಹಳಿಯಿಂದ ಸುಮಾರು ಐದೂವರೆ ಮೀಟರ್ ಎತ್ತರದಲ್ಲಿ 25,000 ವೋಲ್ಟಿನ ತಂತಿ ಹಾಯುತ್ತದೆ. ಹೊಸ ಚಾವಣಿ, ಹೊಸ ಸೇತುವೆ ಯಾವುದೇ ಆಗಲಿ ಅದಕ್ಕಿಂತ ಸಾಕಷ್ಟು ಮೇಲಿರಬೇಕು, ಸೇತುವೆಯ ಪಕ್ಕಕ್ಕೆ ತಡೆ ಇರಬೇಕು. ಬೋಗಿಯ ನೆತ್ತಿ ಇರುವುದು ಸುಮಾರು ನಾಲ್ಕು ಮೀಟರ್ ಎತ್ತರದಲ್ಲಿ. ಅಂದರೆ ಅದರ ಮೇಲೆ ಹತ್ತಿದವನ ತಲೆ ತಂತಿಯ ಮಟ್ಟಕ್ಕೇ ಬರುತ್ತದೆ. ‘ತಂತಿಯನ್ನು ಮುಟ್ಟದಿದ್ದರಾಯಿತು’ ಎಂಬ ತಪ್ಪು ತಿಳಿವಳಿಕೆ ಕಾಲೇಜು ಹುಡುಗರಲ್ಲೂ ಇದೆ. ಒಣ ಗಾಳಿಯಲ್ಲಿ, ನಯವಾದ ಎರಡು ತಟ್ಟೆಗಳ ನಡುವೆ, ಪ್ರತಿ ಮಿಲಿಮೀಟರಿಗೆ ಸುಮಾರು 3,000 ವೋಲ್ಟ್ ಇದ್ದರೆ ಕಿಡಿ ಹಾರುತ್ತದೆ. 25,000 ವೋಲ್ಟಿನ ಪರ್ಯಾಯ ವಿದ್ಯುತ್ತು ಗರಿಷ್ಠ 35,000ಕ್ಕೆ ಏರುವುದರಿಂದ, ಪುಸ್ತಕದ ಲೆಕ್ಕಕ್ಕೆ ಕಿಡಿ ಹನ್ನೆರಡು ಮಿಲಿಮೀಟರ್ ಜಿಗಿಯಬಹುದು. ಆದರೆ ಬೆರಳ ತುದಿ ನಯವಾದ ತಟ್ಟೆಯಲ್ಲ. ತೇವ, ಧೂಳು, ತಂತಿಯ ತೂಗಾಟ, ಗಾಬರಿಯಲ್ಲಿ ಎತ್ತಿದ ಕೈ, ಇವೆಲ್ಲ ಸೇರಿದರೆ ಲೆಕ್ಕ ಕೆಡುತ್ತದೆ. ಅದಕ್ಕಾಗಿಯೇ ಎರಡು ಮೀಟರ್ ದೂರವಿರಬೇಕೆಂಬ ನಿಯಮ. ಫೋಟೊ ತೆಗೆಸಿಕೊಳ್ಳಲು ನಿಂತ ಬೋಗಿಯ ಮೇಲೆ ಹತ್ತುವುದು ಸಾವಿನ ಜೊತೆ ಆಟ ಎಂದು ಮನೆಯಲ್ಲಿ ಹಿರಿಯರು ಬಿಡಿಸಿ ಹೇಳಬೇಕು. ಮೆಟ್ರೊದಲ್ಲಿ ಮೇಲೆ ತಂತಿಯಿಲ್ಲವೆಂದು ನಿರಾಳವಾಗುವಂತಿಲ್ಲ. ಅಲ್ಲಿ 750 ವೋಲ್ಟ್ ಹರಿಯುವುದು ಕೆಳಗೆ, ಹಳಿಯ ಪಕ್ಕದ ಮೂರನೆಯ ಕಂಬಿಯಲ್ಲಿ. ಬಿದ್ದ ಮೊಬೈಲಿಗಾಗಿ ಕೆಳಗೆ ಇಳಿದವನಿಗೆ ಅಷ್ಟೇ ಸಾಕು.

ಈಗ ಮೆಟ್ಟಿಲಿನ ವಿಷಯ. ಅರವತ್ತು ಕೆ.ಜಿ. ತೂಕದವರು ಆರು ಮೀಟರ್ ಎತ್ತರದ ಮೇಲ್ಸೇತುವೆ ಹತ್ತಲು ಮಾಡುವ ಕೆಲಸ 60 × 9.8 × 6, ಅಂದರೆ ಸುಮಾರು 3,530 ಜೂಲ್. ಇದು ಒಂದು ಕಿಲೊ ಕ್ಯಾಲೊರಿಗೂ ಕಡಿಮೆ! ಸ್ನಾಯುಗಳ ದಕ್ಷತೆ ನಾಲ್ಕರಲ್ಲಿ ಒಂದು ಭಾಗವೋ ಐದರಲ್ಲಿ ಒಂದು ಭಾಗವೋ ಆದ್ದರಿಂದ ದೇಹ ಖರ್ಚು ಮಾಡುವುದು ನಾಲ್ಕು ಕಿಲೊ ಕ್ಯಾಲೊರಿ ಎನ್ನೋಣ. ಕಾಲು ಚಮಚ ಸಕ್ಕರೆ ಸಾಕು. ಹಾಗಿದ್ದೂ ಅಜ್ಜಿ ಮೆಟ್ಟಿಲ ಬುಡದಲ್ಲಿ ನಿಂತು ನಿಟ್ಟುಸಿರು ಬಿಡುವುದೇಕೆ? ಪ್ರಶ್ನೆ ಶಕ್ತಿಯದಲ್ಲ, ಬಲದ್ದು. ಮೆಟ್ಟಿಲೇರುವಾಗ ಮಂಡಿಯ ಕೀಲಿನ ಮೇಲೆ ದೇಹದ ತೂಕದ ಸುಮಾರು ಮೂರು ಪಟ್ಟು ಬಲ ಬೀಳುತ್ತದೆ. ಸವೆದ ಕೀಲಿಗೆ ಕ್ಯಾಲೊರಿಯ ಲೆಕ್ಕ ತಿಳಿಯದು.

ಇಳಿಜಾರು ದಾರಿ, ಅಂದರೆ ರ‍್ಯಾಂಪ್, ಈ ಬಲವನ್ನು ಹಂಚುತ್ತದೆ. ಹನ್ನೆರಡು ಅಡಿ ಮುಂದೆ ಹೋದರೆ ಒಂದು ಅಡಿ ಏರುವಂತಿದ್ದರೆ, ಒಟ್ಟು 80 ಕೆ.ಜಿ. ತೂಗುವ ಗಾಲಿಕುರ್ಚಿ ಮತ್ತು ಅದರಲ್ಲಿ ಕುಳಿತವರನ್ನು ತಳ್ಳಲು ಸುಮಾರು 65 ನ್ಯೂಟನ್ ಸಾಕು, ಘರ್ಷಣೆಯನ್ನು ಬಿಟ್ಟು. ಆದರೆ ಆರು ಮೀಟರ್ ಏರಲು ಎಪ್ಪತ್ತೆರಡು ಮೀಟರ್ ಉದ್ದದ ದಾರಿ ಬೇಕು, ನಡುವೆ ನಿಲ್ಲುವ ಸಮತಟ್ಟು ಜಾಗಗಳೂ ಬೇಕು. ಕಿಕ್ಕಿರಿದ ಪ್ಲಾಟ್‌ಫಾರಂನಲ್ಲಿ ಅಷ್ಟು ಜಾಗವೆಲ್ಲಿ? ಆದ್ದರಿಂದ ಲಿಫ್ಟ್, ಎಸ್ಕಲೇಟರ್. ಮೂವತ್ತು ಡಿಗ್ರಿ ಓರೆಯ ಎಸ್ಕಲೇಟರ್ ಸೆಕೆಂಡಿಗೆ ಅರ್ಧ ಮೀಟರ್ ಓಡಿದರೆ ಇಪ್ಪತ್ತನಾಲ್ಕು ಸೆಕೆಂಡಿನಲ್ಲಿ ಆರು ಮೀಟರ್ ಮೇಲೇರುತ್ತದೆ. ಓಡಿದರೆ ಎಂಬ ಮಾತು ಮುಖ್ಯ. ನಿಂತುಹೋದ ಎಸ್ಕಲೇಟರ್ ಮಾಮೂಲಿ ಮೆಟ್ಟಿಲಿಗಿಂತ ಎತ್ತರದ ಮೆಟ್ಟಿಲುಗಳ ಸಾಲು, ಅಷ್ಟೆ.

ನವೀಕರಣ ಎಂದೊಡನೆ ಜನರಿಗೂ ಅಧಿಕಾರಿಗಳಿಗೂ ಮೊದಲು ತೋಚುವುದು ಮುಖಮಂಟಪ, ದೀಪಾಲಂಕಾರ, ಹೊಳೆಯುವ ನೆಲ. ಸೇತುವೆ ಮತ್ತು ಮೆಟ್ಟಿಲುಗಳ ಸರದಿ ಕೊನೆಗೆ. ಈ ಕ್ರಮ ತಪ್ಪು ಎಂಬುದನ್ನು ದೇಶ ದುಬಾರಿ ಬೆಲೆ ತೆತ್ತು ಕಲಿಯಿತು. 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ ಮುಂಬಯಿಯ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಕಿರಿದಾದ ಮೇಲ್ಸೇತುವೆಯಲ್ಲಿ, ಮಳೆಗೆ ಜನ ನಿಂತಿದ್ದಾಗ ನೂಕುನುಗ್ಗಲಾಗಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಅಲ್ಲಿಯವರೆಗೆ ರೈಲ್ವೆಯ ಕಡತಗಳಲ್ಲಿ ಮೇಲ್ಸೇತುವೆ ‘ಪ್ರಯಾಣಿಕರ ಸೌಲಭ್ಯ’ದ ಪಟ್ಟಿಯಲ್ಲಿತ್ತು, ಬೆಂಚು ಫ್ಯಾನುಗಳ ಹಾಗೆ. ದುರಂತದ ನಂತರವೇ ಅದನ್ನು ಸುರಕ್ಷತೆಯ ಅಗತ್ಯವೆಂದು ಎಣಿಸಿದ್ದು. 2025ರ ಫೆಬ್ರವರಿ 15ರ ರಾತ್ರಿ ನವದೆಹಲಿ ನಿಲ್ದಾಣದಲ್ಲಿ, ಅದೂ ಮೆಟ್ಟಿಲ ಬಳಿಯಲ್ಲೇ, ಹದಿನೆಂಟು ಜನ ಪ್ರಾಣ ಬಿಟ್ಟರು.

ಒಂದು ಚದರ ಮೀಟರಿನಲ್ಲಿ ಇಬ್ಬರು ಮೂವರಿದ್ದಾಗ ಪ್ರತಿಯೊಬ್ಬರೂ ತಮ್ಮ ಹೆಜ್ಜೆ ತಾವೇ ಇಡುತ್ತಾರೆ. ಐದಾರು ಜನ ದಾಟಿದರೆ ಗುಂಪು ದ್ರವದಂತೆ ವರ್ತಿಸತೊಡಗುತ್ತದೆ. ಹಿಂದಿನ ತಳ್ಳಾಟ ಅಲೆಯಾಗಿ ಮುಂದಕ್ಕೆ ಸಾಗುತ್ತದೆ. ಮುಂದಿರುವವರಿಗೆ ನಿಲ್ಲಬೇಕೆಂದರೂ ನಿಲ್ಲಲಾಗದು. ಅಂಥ ಸಾವುಗಳಿಗೆ ಹೆಚ್ಚಾಗಿ ಕಾರಣ ಕಾಲ್ತುಳಿತಕ್ಕಿಂತ ಎದೆ ಅದುಮಿ ಉಸಿರುಗಟ್ಟುವುದು. ಹಬ್ಬದ ಹಿಂದಿನ ದಿನ ಮಕ್ಕಳನ್ನು ಕರೆದುಕೊಂಡು ಹೋಗುವವರು ಅರ್ಧ ಗಂಟೆ ಮುಂಚೆ ಹೊರಟು, ಮೆಟ್ಟಿಲ ಬಾಯಲ್ಲಿ ಗುಂಪು ಕಟ್ಟಿದ್ದರೆ ಪಕ್ಕಕ್ಕೆ ನಿಂತು ಅದು ಕರಗಿದ ಮೇಲೆ ಹತ್ತುವುದು ಲೇಸು. ಕೆಂಗೇರಿಯವರಿಗೆ ಮೈಸೂರಿನ ಕಡೆಯ ಅನೇಕ ಗಾಡಿಗಳು ಅಲ್ಲಿಯೇ ಸಿಗುತ್ತವೆ, ಸಿಟಿಯವರೆಗೆ ಬರುವ ಗೋಜೇ ಬೇಡ.

ಒತ್ತಡ ತಗ್ಗಿಸಲು ಬೈಯಪ್ಪನಹಳ್ಳಿಯಲ್ಲಿ ಏಳು ಪ್ಲಾಟ್‌ಫಾರಂಗಳ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ 2022ರ ಜೂನ್‌ನಲ್ಲಿ ಶುರುವಾಯಿತು. ಬರಿಯ ಬಯಲಲ್ಲಿ ಹೊಸದಾಗಿ ಕಟ್ಟುವುದು ಸುಲಭದ ದಾರಿ. ಆದರೆ ಊರಿನ ಹೃದಯದಿಂದ ದೂರವೆಂಬ ತೊಡಕು ಅದರ ಬೆನ್ನಿಗೇ ಇರುತ್ತದೆ. ಅದೇ ತಿಂಗಳು ಯಶವಂತಪುರ ಮತ್ತು ದಂಡು ನಿಲ್ದಾಣಗಳ ಮರುನಿರ್ಮಾಣಕ್ಕೆ ಅಡಿಗಲ್ಲು ಬಿತ್ತು. ಅಂದಾಜು ಕ್ರಮವಾಗಿ 375 ಮತ್ತು 500 ಕೋಟಿ ರೂಪಾಯಿ. ದಂಡಿನಲ್ಲಿ 2024ರ ಸೆಪ್ಟೆಂಬರ್‌ನಿಂದ ಸುಮಾರು ಮೂರು ತಿಂಗಳು ಎರಡು ಪ್ಲಾಟ್‌ಫಾರಂ ಮುಚ್ಚಿದಾಗ ಹಲವು ಗಾಡಿಗಳು ಅಲ್ಲಿ ನಿಲ್ಲದೆ ಮುಂದೆ ಹೋದವು, ಇಳಿಯಬೇಕಾದವರು ಸಿಟಿಗೆ ಬಂದು ಇಳಿದರು. ಒಂದು ನಿಲ್ದಾಣದ ರಿಪೇರಿ ಇನ್ನೊಂದರ ಮೆಟ್ಟಿಲ ಮೇಲೆ ಭಾರ ಹೇರುವುದು ಹೀಗೆ.

ಈ ಅನುಭವ ಇನ್ನು ಹೊಸಹಳ್ಳಿಗೂ ಬರಲಿದೆ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮೆಟ್ರೊ ಮೂರನೆಯ ಹಂತದಲ್ಲಿ ಹೊಸಹಳ್ಳಿಯಿಂದ ಕಡಬಗೆರೆಗೆ ಹನ್ನೆರಡೂವರೆ ಕಿಲೋಮೀಟರ್ ಮಾರ್ಗವಿದೆ. 2015ರ ನವೆಂಬರ್‌ನಿಂದ ಗಾಡಿ ಓಡುತ್ತಿರುವ ಊರೊಳಗಿನ ನಿಲ್ದಾಣ ಆಗ ಎರಡು ಮಾರ್ಗ ಕೂಡುವ ಜಾಗವಾಗುತ್ತದೆ. ಅಷ್ಟರಲ್ಲಿ ಮಕ್ಕಳು ಒಂದು ಲೆಕ್ಕ ಮಾಡಿಡಬಹುದು: ಈಗಿನ ನಿಲ್ದಾಣದ ಮೆಟ್ಟಿಲುಗಳೆಷ್ಟು, ಒಂದೊಂದರ ಎತ್ತರ ಎಷ್ಟು ಸೆಂಟಿಮೀಟರ್, ಅಜ್ಜಿಯ ತೂಕಕ್ಕೆ ಒಟ್ಟು ಎಷ್ಟು ಜೂಲ್. ಅಳತೆಗೆ ಹೋಗುವುದು ಭಾನುವಾರ ಮಧ್ಯಾಹ್ನವಿರಲಿ, ಸಂಜೆ ಆರಕ್ಕೆ ಬೇಡ.